ಪಂಪಿಗೆ ಕಟ್ಟಿದ ಕೆಂಪು ಮನೆ

ನವೆಂಬರ್ 22

ಇವತ್ತು ಮಧ್ಯಾಹ್ನ ಸೂರ್ಯ ಗುಡ್ಡದ ನೆತ್ತಿಯಲ್ಲಿ ಒಂದು ಚೂರು ಇಣುಕಿ, ಕೆಲಸಗಳ್ಳನ ಹಾಗೆ ಮುಳುಗಿಬಿಟ್ಟ. ಇನ್ನು ಜನವರಿಯ ತನಕ ಅವನಿಗೆ ರಜೆ. ಸಂಬಳ ಸಹಿತ ರಜೆಯೇ ಇರಬೇಕು, ಅವನ ಕಾರ್ಮಿಕ ಸಂಘ ನಮ್ಮದಕ್ಕಿಂತ ಗಟ್ಟಿ. ನಾರ್ವೆಯ ಈ ಉತ್ತರದ ತುದಿಯಲ್ಲೇ ಹುಟ್ಟಿ ಮುದುಕಿಯಾದವಳು ನಾನು, ಕತ್ತಲೆಗೆ ಹೆದರುವುದಿಲ್ಲ. ಚಳಿಗೆ ಹೆದರುತ್ತೇನೆ. ಬಡವರ ಮನೆಯೊಳಗಿನ ಚಳಿಗೆ.

ಈ ವರ್ಷ ಮಾತ್ರ ಬೇರೆ. ಪುರಸಭೆಯ ಬಾಡಿಗೆ ಮನೆಗಳ ಈ ಸಾಲಿನಲ್ಲಿ ಎಂಟು ಮನೆ, ಎಂಟಕ್ಕೂ ಬೇಸಿಗೆಯಲ್ಲಿ ಮನೆ ಬೆಚ್ಚಗಿಡುವ ಹೀಟ್ ಪಂಪ್ ಬಂದಿದೆ. ಬಂದಿದೆ ಎಂದರೆ ತಾನಾಗಿ ನಡೆದುಕೊಂಡು ಬಂದಿಲ್ಲ. ಪುರಸಭೆಯ ಮೆಟ್ಟಿಲ ಮೇಲೆ ಕೂತಿದ್ದೇನೆ, ಪತ್ರಿಕೆಗೆ ಬರೆದಿದ್ದೇನೆ, ವಸತಿ ಅಧಿಕಾರಿ ಹಾಲ್ಗೈರ್‌ನ ಕಚೇರಿಯಲ್ಲಿ ಕುರ್ಚಿ ಎಳೆದುಕೊಂಡು "ಇಲ್ಲಿ ಬೆಚ್ಚಗಿದೆ, ಇಲ್ಲೇ ಇರ್ತೀನಿ" ಎಂದು ದಿನವಿಡೀ ಉಣ್ಣೆ ಹೆಣೆದಿದ್ದೇನೆ. ಆಗ ಬಂದವು. ಅದೂ ಷರತ್ತಿನ ಮೇಲೆ. ಒಂದು ಚಳಿಗಾಲ ನೋಡುತ್ತಾರಂತೆ, ಪಂಪು ತಡೆಯದಿದ್ದರೆ ಕಿತ್ತುಕೊಂಡು ಹೋಗಿ ಹಳೆಯ ಗೋಡೆ ಹೀಟರನ್ನೇ ವಾಪಸ್ ಹಾಕುತ್ತಾರಂತೆ.

ಕೊನೆಯ ಮನೆಯ ಓಲೌಗ್‌ಗೆ ತೊಂಬತ್ತು ದಾಟಿದೆ. ಹೋದ ಚಳಿಗಾಲ ಅವಳು ಅಡುಗೆಮನೆಯೊಂದನ್ನೇ ಬೆಚ್ಚಗಿಟ್ಟುಕೊಂಡು, ಕೋಟು ತೊಟ್ಟೇ ಅಲ್ಲಿ ಮಲಗುತ್ತಿದ್ದಳು. ಹಾಲ್ಗೈರ್ ಬಂದು ನೋಡಿ, ಇನ್ನೊಂದು ಚಳಿಗಾಲ ಹೀಗಾದರೆ ಖಾರಿಯಾಚೆಯ ವೃದ್ಧಾಶ್ರಮಕ್ಕೆ ಕಳಿಸುತ್ತೇನೆ ಎಂದ. "ಆ ದೋಣಿ ನನ್ನ ಹೆಣ ಹತ್ತುತ್ತೆ, ನಾನು ಹತ್ತಲ್ಲ" ಎಂದಳು ಓಲೌಗ್. ಪಂಪು ಹೋದರೆ ಓಲೌಗೂ ಹೋದಳು. ವಿಷಯ ಇಷ್ಟೇ.

ಪಂಪಿನ ಅರ್ಧ ಒಳಗೆ ಗೋಡೆಯ ಮೇಲೆ, ಇನ್ನರ್ಧ ಹೊರಗೆ, ಬೀದಿಯ ಕಡೆ. ಫ್ಯಾನಿರುವ ಆ ಹೊರಪೆಟ್ಟಿಗೆಯಿಂದ ಬೀದಿಯ ಅಂದ ಕೆಡುತ್ತದೆ ಎಂದ ಹಾಲ್ಗೈರ್. ಬಡವರು ಬೆಚ್ಚಗಾದರೆ ಎಲ್ಲೋ ಯಾರದೋ ಅಂದ ಕೆಟ್ಟೇ ಕೆಡುತ್ತದೆ. "ಅಂದ ಬೇಕಾ? ಅದಕ್ಕೂ ಒಂದೊಂದು ಮನೆ ಕಟ್ಟಿ ಕೊಡ್ತೀವಿ" ಎಂದು ಸಭೆಯಲ್ಲೇ ಕೂಗಿದೆ. ಸೆಪ್ಟೆಂಬರಿನ ಕೂಡುಕೆಲಸದಲ್ಲಿ ಸಾಲಿನವರೆಲ್ಲ ಸೇರಿ ಕಟ್ಟಿಯೂಬಿಟ್ಟೆವು. ಎಂಟು ಪುಟ್ಟ ಮನೆ. ಇಳಿಜಾರು ಚಾವಣಿ, ಬಿಳಿ ಅಂಚು, ಮುಂದೆ ಅಡ್ಡಪಟ್ಟಿಗಳ ಬಾಗಿಲು. ಕೆಂಪು ಬಣ್ಣ ಬಳಿದವಳು ನಾನು. ಹಡಗಿನಲ್ಲಿ ಬಂದ ಪ್ರವಾಸಿಗಳು ಫೋಟೋ ಹೊಡೆದುಕೊಂಡು ಹೋದರು.

ಮರಗೆಲಸ ನನ್ನ ಗೋಡೆಯಾಚೆಯ ಫೋರ್‌ಮನ್‌ನದು. ಮೀನು ಕಾರ್ಖಾನೆಯಲ್ಲಿ ನಾವು ಹೆಂಗಸರು ಕಕ್ಕಸಿಗೆ ಹೋದರೆ ಸ್ಟಾಪ್‌ವಾಚ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದ ಮನುಷ್ಯ. ಕೂಡುಕೆಲಸದಲ್ಲಿ ಜಗಳ ತರಬಾರದು, ಅದು ಊರಿನ ನಡತೆ. ಅವನು ಹಲಗೆ ಜೋಡಿಸಿದ, ನಾನು ಬಣ್ಣ ಹೊಡೆದೆ, ಒಂದು ಮಾತೂ ಆಡಲಿಲ್ಲ. ಅವನ ಹೆಸರನ್ನು ಈ ಪುಸ್ತಕದಲ್ಲಿ ಬರೆಯುವುದಿಲ್ಲ.

ನವೆಂಬರ್ 30

ಪಂಪಿಗೆ ಬೆಂಕಿ ಬಿತ್ತು.

ಕಾಫಿಗೆ ನೀರಿಟ್ಟಿದ್ದೆ. ಒಳಪೆಟ್ಟಿಗೆ ಊದುವುದನ್ನು ನಿಲ್ಲಿಸಿತು. ಗೊಳಗೊಳ ಎಂದು ಹೊಟ್ಟೆ ಕೆಟ್ಟವರ ಸದ್ದು. ಕಿಟಕಿಯಿಂದ ನೋಡಿದರೆ ಪುಟ್ಟ ಕೆಂಪು ಮನೆಯಿಂದ ಬೆಳ್ಳನೆಯ ಹೊಗೆ ದಟ್ಟವಾಗಿ ಏಳುತ್ತಿದೆ. ಬಕೆಟ್ ಹಿಡಿದು ಓಡಿದೆ, ಫ್ಯೂಸ್ ಆರಿಸಿದೆ. ಹೊಗೆಗೆ ವಾಸನೆಯೇ ಇರಲಿಲ್ಲ. ಅದು ಇನ್ನೂ ಅಪಾಯ ಎಂದುಕೊಂಡೆ. ಒಂದು ತಾಸು ಬಿಟ್ಟು ಹಚ್ಚಿದರೆ ಮತ್ತೆ ಅದೇ ಕತೆ.

ಪುರಸಭೆಗೆ ಫೋನ್ ಮಾಡಿದರೆ ಒಂದು ಯಂತ್ರ ನನ್ನ ಕರೆ ಅಮೂಲ್ಯ ಎಂದು ಹಾಡು ಹಾಕಿತು. ಸುಟ್ಟುಹೋಗುತ್ತೇವೆ ಎಂದರೂ ಅದೇ ಹಾಡು.

ಸಾಲಿನ ಎಲ್ಲರ ಬಾಗಿಲು ತಟ್ಟಿ ಹೇಳಿಬಂದೆ. ಹೊಗೆ ಕಂಡ ತಕ್ಷಣ ಆರಿಸಿ, ಇದು ಅಗ್ಗದ ಕಸ, ಪುರಸಭೆ ನಮ್ಮ ತಲೆಗೆ ಕಟ್ಟಿದೆ. ಎಲ್ಲರೂ ಒಪ್ಪಿದರು. ಕಾರ್ಖಾನೆಯಲ್ಲಿ ಸಂಘದ ಮುಂದಾಳಾಗಿದ್ದವಳ ಮಾತಿಗೆ ಈಗಲೂ ಬೆಲೆ ಇದೆ. ಫೋರ್‌ಮನ್‌ನ ಬಾಗಿಲು ತಟ್ಟಲಿಲ್ಲ. ಗೋಡೆಗೆ ಬಾಯಿಟ್ಟು ಕೂಗಿದೆ.

ಡಿಸೆಂಬರ್ 5

ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗೆ. ಕಡಲ ಮಂಜು. ಪುಟ್ಟ ಮನೆಗಳೊಳಗೆ ಪೆಟ್ಟಿಗೆಗಳೆಲ್ಲ ಹಿಮದ ಗಡ್ಡೆ. ಪಂಪು ಕೂಗುತ್ತದೆ, ಬಿಸಿ ಬರುವುದಿಲ್ಲ. ಸ್ವೆಟರ್ ಮೇಲೆ ಸ್ವೆಟರ್ ಹಾಕಿ ಬರೆಯುತ್ತಿದ್ದೇನೆ.

ಓಲೌಗ್ ಮತ್ತೆ ಕೋಟು ತೊಟ್ಟಿದ್ದಾಳೆ.

ಡಿಸೆಂಬರ್ 8

ಹಾಲ್ಗೈರ್‌ನಿಂದ ಸೂಚನೆ ಬಂತು. ಜನವರಿಯಲ್ಲಿ, ಸೂರ್ಯ ಬರುವ ವಾರ, ಪುರಸಭೆಯಲ್ಲಿ ಸಭೆ. ಪಂಪುಗಳು ಉಳಿಯಬೇಕೋ ಕೀಳಬೇಕೋ ತೀರ್ಮಾನ. ಸರಿ. ಪಂಜಿನ ಮೆರವಣಿಗೆಗೆ ಕರೆ ಕೊಟ್ಟೆ. ಪತ್ರಿಕೆಗೆ ಕಳಿಸಿದ ಬರಹದ ತಲೆಬರಹ "ಬಡವರಿಗೆ ಕೊಳೆತ ಮೀನು, ಬಡವರಿಗೆ ಕೆಟ್ಟ ಪಂಪು". ಬರೆದ ಮೇಲೆ ಮೈ ಸ್ವಲ್ಪ ಬೆಚ್ಚಗಾಯಿತು.

ಬೆಳಿಗ್ಗೆ ಓಲೌಗ್‌ಳ ಮನೆಗೆ ರೊಟ್ಟಿ ಕೊಡಲು ಹೋದರೆ ಅಲ್ಲಿ ಫೋರ್‌ಮನ್. ತಲೆಗೆ ದೀಪ ಕಟ್ಟಿಕೊಂಡು ಮಂಡಿಯೂರಿ ಅವಳ ಹೊರಪೆಟ್ಟಿಗೆಯ ಹಿಮಕ್ಕೆ ಉಗುರುಬೆಚ್ಚಗಿನ ನೀರು ಸುರಿಯುತ್ತಿದ್ದ. ನನ್ನನ್ನು ನೋಡಿ ತಲೆಯಾಡಿಸಿದ. ನಾನು ಆಡಿಸಲಿಲ್ಲ.

"ದಿನಾ ಬರ್ತಾನೆ ಕಣೇ ತೋರ್ಲೈಫ್, ಎರಡು ಕೆಟಲ್ ತಗೊಂಡು" ಎಂದಳು ಓಲೌಗ್. "ನನಗೆ ಇಷ್ಟು ಸೇವೆ ನನ್ನ ಗಂಡನೂ ಮಾಡಿರ್ಲಿಲ್ಲ. ಆ ಕುದುರೆಮುಖದವನು ಸತ್ತು ಮೂವತ್ತು ವರ್ಷ ಆಯ್ತು."

ಹೆಸರು ಬರೆದವಳು ನಾನಲ್ಲ, ಓಲೌಗ್ ಆಡಿದ್ದು. ಇರಲಿ.

ಡಿಸೆಂಬರ್ 13

ತಾರಣಿ ಬಂದಿದ್ದಳು. ಅವಳ ಅಮ್ಮ ಪುವನೇಶ್ವರಿ ಜಾಫ್ನಾದಿಂದ ಬಂದು ಮೀನು ಸೀಳುವ ಸಾಲಿನಲ್ಲಿ ನನ್ನ ಪಕ್ಕದಲ್ಲೇ ನಿಂತು ಕೈ ಮರಗಟ್ಟಿಸಿಕೊಂಡವಳು. ಮಗಳು ಇಲ್ಲೇ ಹುಟ್ಟಿ, ಪಂಪು ರಿಪೇರಿ ಕಲಿತು, ಈಗ ಪಟ್ಟಣದಿಂದ ವ್ಯಾನಿನಲ್ಲಿ ಕರಾವಳಿಯೆಲ್ಲ ತಿರುಗುತ್ತಾಳೆ. ಹೋಟೆಲಿನ ಶೀತಲ ಕೋಣೆ ರಿಪೇರಿಗೆ ಬಂದವಳು ಪತ್ರಿಕೆಯಲ್ಲಿ ನನ್ನ ಬರಹ ಓದಿ, ಗಾಡಿ ತಿರುಗಿಸಿದಳಂತೆ.

"ಈ ಕರಾವಳೀಲಿ ನನ್ನಷ್ಟು ಚೆನ್ನಾಗಿ ಪಂಪು ಬಿಚ್ಚೋರು ಯಾರೂ ಇಲ್ಲ ಚಿಕ್ಕಮ್ಮ" ಎಂದಳು. ಎಂದು ಮೊದಲನೆಯ ತಿರುಪನ್ನೇ ಹಿಮದಲ್ಲಿ ಕಳೆದುಕೊಂಡಳು. ಇಬ್ಬರೂ ಬಗ್ಗಿ ಹುಡುಕಿದೆವು.

ಮೊದಲು ಒಳಪೆಟ್ಟಿಗೆಯ ಮುಚ್ಚಳ ಎತ್ತಿ ಗಾಳಿ ಸೋಸುವ ಜಾಲರಿ ಎಳೆದಳು. ನನಗೆ ಅಲ್ಲೊಂದು ಜಾಲರಿ ಇದೆಯೆಂದೇ ಗೊತ್ತಿರಲಿಲ್ಲ. ಬೆಕ್ಕಿನ ಚರ್ಮದಷ್ಟು ದಪ್ಪ ಕೊಳೆ.

"ಇದನ್ನ ಎರಡು ವಾರಕ್ಕೊಮ್ಮೆ ತೊಳೀಬೇಕು ಅಂತ ಯಾರೂ ಹೇಳ್ಲಿಲ್ವಾ?"

"ಯಾರು ಹೇಳ್ತಾರೆ? ಹಾಕೋಕೆ ಬಂದೋರು ಹಾಕಿ ಓಡಿಹೋದ್ರು."

ಅವಳು ಜಾಲರಿಯನ್ನು ದೀಪಕ್ಕೆ ಹಿಡಿದು ಜ್ಯೋತಿಷಿಯ ಹಾಗೆ ಓದಿದಳು. "ಮೋಂಬತ್ತಿ ಮಸಿ. ಮೀನು ಹುರಿದ ಎಣ್ಣೆ. ಕೆಂಪು ಉಣ್ಣೆ, ರಾಶಿ ರಾಶಿ ಕೆಂಪು ಉಣ್ಣೆ. ಒಬ್ಬಳೇ ಕೂತು ಹುರೀತೀಯ, ಒಬ್ಬಳೇ ಕೂತು ಹೆಣೀತೀಯ. ನಿನ್ನ ಸಂಸಾರ ಎಲ್ಲ ಇದ್ರಲ್ಲೇ ಇದೆ ನೋಡು."

"ಸಂಸಾರ ಬಿಡು. ಹೊಗೆ ಹೇಳು."

"ಹೊಗೆ ಅಲ್ಲ, ಹಬೆ." ಮೇಜಿನ ಮೇಲೆ ಕಾಫಿ ಲೋಟ ಅತ್ತಿತ್ತ ಸರಿಸಿ ವಿವರಿಸಿದಳು. "ನಿನಗೆ ಚಳಿ ಅನ್ಸೋ ಗಾಳೀಲೂ ಶಾಖ ಇರತ್ತೆ. ಕೊಳವೆಯೊಳಗಿನ ಗ್ಯಾಸ್ ಆ ಗಾಳಿಗಿಂತ ತಣ್ಣಗಿರತ್ತೆ, ಅದಕ್ಕೇ ಗಾಳಿಯಿಂದ ಶಾಖ ಹೀರ್ಕೊಳ್ಳತ್ತೆ. ಆಮೇಲೆ ಅದನ್ನ ಒತ್ತಿದ್ರೆ ಬಿಸಿ ಆಗತ್ತೆ, ಸೈಕಲ್ಲಿಗೆ ಗಾಳಿ ಹೊಡೆದಾಗ ಪಂಪಿನ ತುದಿ ಬಿಸಿ ಆಗಲ್ವಾ ಹಾಗೆ. ಆ ಬಿಸಿ ನಿನ್ನ ಕೋಣೆಗೆ. ಇಷ್ಟಾಗೋ ಹೊತ್ತಿಗೆ ಹೊರಗಿನ ತಗಡಿಗೆ ಕಡಲ ತೇವ ಅಂಟಿ ಹಿಮ ಕಟ್ಟತ್ತೆ. ಗಾಳಿ ನುಗ್ಗೋಕೆ ಜಾಗ ಇರಲ್ಲ. ಆಗ ಪಂಪು ಸ್ವಲ್ಪ ಹೊತ್ತು ಉಲ್ಟಾ ಓಡತ್ತೆ. ಕೋಣೆಯಿಂದ ಚೂರು ಬಿಸಿ ಸಾಲ ತಗೊಂಡು ತನ್ನ ಹಿಮ ತಾನೇ ಕರಗಿಸ್ಕೊಳ್ಳತ್ತೆ. ನೀರು ಇಳಿಯತ್ತೆ, ಹಬೆ ಏಳತ್ತೆ, ಮತ್ತೆ ಕೆಲಸಕ್ಕೆ ನಿಲ್ಲತ್ತೆ."

"ಅಂದ್ರೆ ನಾನು ಆರಿಸಿದ್ದು..."

"ಅದು ಮೈ ತೊಳ್ಕೊಳ್ಳೋಕೆ ಕೂತಾಗೆಲ್ಲ ನೀನು ಅದರ ಬಕೆಟ್ ಒದ್ದಿದ್ದೀಯ. ಅರ್ಧ ಕರಗಿದ್ದು ಅಲ್ಲೇ ಗಟ್ಟಿಯಾಗಿ ಹಿಮದ ಗಡ್ಡೆ ಆಗಿದೆ. ಎಂಟು ಮನೇಲೂ ಹೀಗೇ ಮಾಡಿದ್ದಾರಂತೆ, ಯಾವ ಕತ್ತೆ ಹೇಳ್ತೋ ಗೊತ್ತಿಲ್ಲ."

ನಾನು ಕಾಫಿ ಕುಡಿದೆ.

ಹೊರಗೆ ಕರೆದೊಯ್ದು ಪುಟ್ಟ ಕೆಂಪು ಮನೆ ತೋರಿಸಿದಳು. "ಇದು ಮುದ್ದಾಗಿದೆ. ಇದೇ ಇದನ್ನ ಕೊಲ್ತಿರೋದು. ಈ ಪೆಟ್ಟಿಗೆ ಉಸಿರು ಬಿಡೋದು ತಣ್ಣನೆ ಗಾಳಿ. ಅದು ದೂರ ಹೋಗ್ಬೇಕು. ನಿಮ್ಮ ಬಾಗಿಲ ಪಟ್ಟಿಗೆ ಬಡಿದು ವಾಪಸ್ ಬಂದು ಅದನ್ನೇ ಮತ್ತೆ ಎಳ್ಕೊಳ್ತಾ ಇದೆ. ಕಂಬಳಿಯೊಳಗೆ ತಲೆ ಹಾಕಿ ಮಲಗ್ದ ಹಾಗೆ. ಎಲ್ಲರೂ ಕಟ್ತಾರೆ ಇದನ್ನ, ಊರೂರಲ್ಲೂ. ಈ ದೇಶದಲ್ಲಿ ಏನೇ ಕೊಟ್ರೂ ಅದಕ್ಕೊಂದು ಮನೆ ಕಟ್ಟದೆ ಸಮಾಧಾನ ಇಲ್ಲ ನಿಮಗೆ."

ಓಲೌಗ್‌ಳ ಪೆಟ್ಟಿಗೆಯಲ್ಲಿ ಇನ್ನೊಂದು ತೊಂದರೆ ಸಿಕ್ಕಿತು. ಕರಗಿದ ನೀರು ಹರಿಯುವ ತಟ್ಟೆಗೆ ಒಂದು ಬಿಸಿತಂತಿ ಇರುತ್ತದೆ. ಪುರಸಭೆ ಕಳಿಸಿದ ಗುತ್ತಿಗೆದಾರ ಅದಕ್ಕೆ ಸಂಪರ್ಕವನ್ನೇ ಕೊಟ್ಟಿರಲಿಲ್ಲ. ನೀರು ಕೆಳಗೆ ಗಡ್ಡೆಯಾಗಿ ಫ್ಯಾನಿನವರೆಗೆ ಬೆಳೆದಿತ್ತು. ತಾರಣಿ ತಂತಿ ಜೋಡಿಸಿದಳು. ದೇವರಿದ್ದಾನೆ, ತಪ್ಪೆಲ್ಲ ನಮ್ಮದೇ ಅಲ್ಲ.

ಡಿಸೆಂಬರ್ 14

ಮನೆಗಳನ್ನು ಬಿಚ್ಚಬೇಕು ಎಂದು ಫೋರ್‌ಮನ್‌ಗೆ ಹೇಳಲು ಹೋದೆ. ಹೇಳುವ ಖುಷಿಗೆ ಕೂದಲು ಬಾಚಿಕೊಂಡೂ ಹೋದೆ. ಬಾಗಿಲು ತೆರೆದ. ಕೈಯಲ್ಲಿ ಪುಟ್ಟದೊಂದು ಬಾವುಟದ ಕಂಬ, ಹೆಬ್ಬೆರಳ ಗಾತ್ರದ್ದು, ಅಂಚು ನಯ ಮಾಡುತ್ತಿದ್ದ. ಎಂಟು ಮಾಡಿದ್ದಾನಂತೆ. ಸೂರ್ಯ ಬರುವ ದಿನ ಒಂದೊಂದು ಪುಟ್ಟ ಮನೆಯ ಚಾವಣಿಗೆ ಒಂದೊಂದು.

"ಏನು ಬೇಕಿತ್ತು?" ಎಂದ.

"ಸಕ್ಕರೆ" ಎಂದೆ.

ಒಂದು ಲೋಟ ಕೊಟ್ಟ. ನನ್ನ ಮನೆಯಲ್ಲಿ ಈಗ ಬೇಕಾದಷ್ಟು ಸಕ್ಕರೆ ಇದೆ.

ಕಾರ್ಖಾನೆಯ ಮಾಲೀಕನ ಮೇಜಿಗೆ ಮೀನಿನ ತಲೆ ಎಸೆದವಳು ನಾನು. ಇವತ್ತು ಸಕ್ಕರೆ ಕೇಳಿ ಬಂದೆ.

ಡಿಸೆಂಬರ್ 17

ಹೇಳಲಾಗದಿದ್ದರೆ ಮಾಡಿ ತೋರಿಸುವುದು. ಬೆಳಿಗ್ಗೆ ಸರಳು ತೆಗೆದುಕೊಂಡು ನನ್ನ ಪುಟ್ಟ ಮನೆಯ ಬಾಗಿಲಿಗೆ ಹಾಕಿ ಮೀಟಿದೆ. ಎರಡನೆಯ ಪಟ್ಟಿ ಮುರಿಯುವಾಗ ಫೋರ್‌ಮನ್ ಒಳಅಂಗಿಯಲ್ಲೇ ಹೊರಗೆ ಬಂದ.

"ಅದು ತಿರುಪು ಹಾಕಿದ್ದು. ಮೀಟಿದ್ರೆ ಸೀಳತ್ತೆ. ತಿರುಗಿಸ್ಬೇಕು."

"ಹಾಗಾದ್ರೆ ಬಂದು ತಿರುಗಿಸು."

ಕಾರಣ ಕೇಳಲಿಲ್ಲ, ತಿರುಪುಳಿ ತಂದ. ಬಿಚ್ಚುತ್ತಿರುವಾಗ ತಾರಣಿ ಹೇಳಿದ್ದನ್ನೆಲ್ಲ ಹೇಳಿದೆ, ಕಂಬಳಿಯೊಳಗಿನ ತಲೆಯ ತನಕ. ಅವನು ಬಿಚ್ಚಿದ ಬಾಗಿಲನ್ನು ಮಗುವಿನ ಹಾಗೆ ಗೋಡೆಗೆ ಆನಿಸಿಟ್ಟ.

"ನಾನು ಕಟ್ಟಿದ್ದು" ಎಂದ.

"ಕಟ್ಟೋಣ ಅಂದಿದ್ದು ನಾನು" ಎಂದೆ. ಅದು ನಿಜ. ನಿಜವನ್ನು ಫೋರ್‌ಮನ್‌ಗೂ ಹೇಳಬೇಕಾಗುತ್ತದೆ.

ಗಡ್ಡೆಗೆ ಅವನ ಕೆಟಲ್, ನನ್ನ ಕೆಟಲ್. ಆಮೇಲೆ ಪಂಪು ಹಚ್ಚಿ ನಿಂತೆವು. ಬಹಳ ಹೊತ್ತು ಚೆನ್ನಾಗಿ ಓಡಿತು, ಆಮೇಲೆ ಫ್ಯಾನ್ ನಿಂತಿತು. ಫೋರ್‌ಮನ್ ಒಳಗೆ ಹೋಗಿ ಬಂದ. ಕೈಯಲ್ಲಿ ಸ್ಟಾಪ್‌ವಾಚ್. ಅದೇ ಸ್ಟಾಪ್‌ವಾಚ್.

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯಲಾರೆ. ಕೊನೆಗೆ ಹೇಳಿದ್ದು, "ಇದು ಕಕ್ಕಸಿಗೆ ಹೋದ್ರೂ ಎಣಿಸ್ತೀಯಾ?"

ಅವನು ಗುಂಡಿ ಒತ್ತಲಿಲ್ಲ. ತಗಡಿನಿಂದ ನೀರು ಇಳಿಯುತ್ತಿತ್ತು, ಹಬೆ ನಮ್ಮಿಬ್ಬರ ನಡುವೆ ಬೆಳ್ಳಗೆ ನಿಂತಿತ್ತು. ಅವನ ಮುಖ ಕಾಣಲಿಲ್ಲ.

"ಬೇಡ" ಎಂದ ಹಬೆಯಾಚೆಯಿಂದ. "ಅದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ತಗೊಳ್ಳಲಿ. ಆಗಲೂ ಹಾಗೇ ಬಿಡ್ಬೇಕಿತ್ತು."

ಫ್ಯಾನ್ ತಿರುಗಿತು. ಹಬೆ ಬೀದಿಯ ತನಕ ಹಾರಿ ಚದುರಿತು. ಒಳಗೆ ಹೋಗಿ ಕೈಯೊಡ್ಡಿದರೆ ಬಿಸಿ ಗಾಳಿ, ಬೇಕರಿಯ ಬಾಗಿಲು ತೆರೆದ ಹಾಗೆ. ನಾನು ಒಂದು ಸ್ವೆಟರ್ ಬಿಚ್ಚಿದೆ.

ಡಿಸೆಂಬರ್ 18

ಫೋರ್‌ಮನ್ ಆ ಸ್ಟಾಪ್‌ವಾಚನ್ನು ಓಲೌಗ್‌ಗೆ ಮೊಟ್ಟೆ ಬೇಯಿಸಲು ಕೊಟ್ಟಿದ್ದಾನೆ. ಇಷ್ಟು ದಿನಕ್ಕೆ ಅದು ಮರ್ಯಾದೆಯ ಕೆಲಸಕ್ಕೆ ಸೇರಿತು.

ಡಿಸೆಂಬರ್ 26

ನನ್ನ ಮನೆ ಬೆಚ್ಚಗಿದೆ ಎಂದು ಸುದ್ದಿ ಹಬ್ಬಿ ಸಾಲಿನವರೆಲ್ಲ ಹಬ್ಬಕ್ಕೆ ಇಲ್ಲೇ ಬಂದಿದ್ದರು. ಕಾಲಿಡಲು ಜಾಗವಿಲ್ಲ. ತೋರ್ಲೈಫ್ ಒಣಮೀನು ತಂದ, ಚೆನ್ನಾಗಿರಲಿಲ್ಲ, ತಿಂದೆವು. ಉಳಿದ ಮನೆಗಳವರಿಗೆ ಬಿಚ್ಚೋಣ ಎಂದರೆ ಮಾತ್ರ ಮುಖ ಗಂಟು. ಕೂಡುಕೆಲಸದಲ್ಲಿ ಕಟ್ಟಿದ್ದನ್ನು ಒಬ್ಬೊಬ್ಬರೇ ಬಿಚ್ಚುವುದು ನಾಚಿಕೆ ಅವರಿಗೆ. ಸರಿ, ಬಿಚ್ಚುವುದಕ್ಕೂ ಕೂಡುಕೆಲಸ ಕರೆದೆ.

ಜನವರಿ 4

ನಡುಮಧ್ಯಾಹ್ನ, ಆಕಾಶ ನೀಲಿ ಶಾಯಿ, ಎಲ್ಲರ ಹಣೆಗೂ ದೀಪ. ಅಚ್ಚಿನ ಹಂಚಿನಲ್ಲಿ ವಾಫಲ್ ನನ್ನದು, ಕಾಫಿ ಓಲೌಗ್‌ಳದು. ಮೊದಲ ತಿರುಪು ಯಾರು ತಿರುಗಿಸಬೇಕು ಎಂದು ಎಲ್ಲರೂ ಕಾಲು ನೋಡಿಕೊಂಡು ನಿಂತರು. ತೋರ್ಲೈಫ್ ತನ್ನದೇ ಪುಟ್ಟ ಮನೆಯ ಚಾವಣಿ ಎತ್ತಿ ಹಿಮದ ಮೇಲಿಟ್ಟ.

"ನಾನು ಕಟ್ಟಿದ್ರಲ್ಲಿ ಗಾಳಿಯೂ ಆಚೆ ಹೋಗಲ್ಲ. ಅಷ್ಟು ಒಳ್ಳೆ ಕೆಲಸ" ಎಂದ.

ಫೋರ್‌ಮನ್ ತಮಾಷೆ ಮಾಡಿದ್ದನ್ನು ಆ ಸಾಲಿನಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ. ಒಬ್ಬ ನಕ್ಕ, ಆಮೇಲೆ ಬೀದಿಯೆಲ್ಲ ನಕ್ಕಿತು. ಕತ್ತಲೊಳಗೆ ತಿರುಪುಳಿಗಳ ಸದ್ದು ಶುರುವಾಯಿತು.

ಎಂಟು ಕೆಂಪು ಮನೆ ಒಂದರ ಮೇಲೊಂದು ಪೇರಿಸಿದೆವು. ಒಲೆಗೆ ಹಾಕೋಣ ಎಂದ ಯಾರೋ. ಓಲೌಗ್ ಕೋಲು ಎತ್ತಿದಳು.

"ಸೈತಾನನ ಮಕ್ಕಳಾ, ಅದು ಕಡಲಬಾತಿನ ಮನೆ. ನನ್ನ ಅಪ್ಪನ ದ್ವೀಪದಲ್ಲಿ ಇಂಥವೇ ಇದ್ವು. ಬಾತು ಮೇ ತಿಂಗಳಲ್ಲಿ ಬಂದು ಒಳಗೆ ಕೂರೋದು, ಮೊಟ್ಟೆ ಇಡೋದು, ಎದ್ದು ಹೋದ್ಮೇಲೆ ನಾವು ಪುಕ್ಕ ಆರಿಸ್ತಿದ್ವಿ. ಗಾಳಿ ಆಡದ ಮನೆ ಬಾತಿಗೆ ಬೇಕು, ಪಂಪಿಗೆ ಬೇಡ. ನೀವು ಬಾಡಿಗೆದಾರನ್ನ ತಪ್ಪಾಗಿ ಹುಡುಕಿದ್ರಿ, ಅಷ್ಟೇ."

ತೋರ್ಲೈಫ್ ಆಗಲೇ ಜೇಬಿನಿಂದ ಪೆನ್ಸಿಲ್ ತೆಗೆದು ಒಂದು ಗೋಡೆಯ ಮೇಲೆ ಬಾತಿನ ಬಾಗಿಲು ಗುರುತು ಹಾಕುತ್ತಿದ್ದ.

ಜನವರಿ 12

ಎಂಟು ಪಂಪೂ ಓಡುತ್ತಿವೆ. ಹಬೆ ಎದ್ದರೆ ಯಾರೂ ಆರಿಸುವುದಿಲ್ಲ. ಓಲೌಗ್ ಮಲಗುವ ಕೋಣೆಯಲ್ಲಿ ಮಲಗುತ್ತಿದ್ದಾಳೆ, ರಾತ್ರಿಯಂಗಿಯಲ್ಲಿ.

ಮೆರವಣಿಗೆ ಬೇಡವಾ ಎಂದು ಕೇಳಿದ ತೋರ್ಲೈಫ್. ಬೇಕು ಎಂದೆ. ಪಂಪು ಸರಿಹೋದರೆ ಪುರಸಭೆ ಸರಿಹೋದಂತಾಯಿತೇ? ಹಾಕಿ ಓಡಿಹೋದರು, ಒಂದು ಮಾತು ಹೇಳಿಕೊಡಲಿಲ್ಲ, ತಂತಿ ಜೋಡಿಸಲಿಲ್ಲ, ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸುವ ಮಾತೇ ಇಲ್ಲ. ಅಜ್ಞಾನವನ್ನೂ ಬಡವರಿಗೆ ಬಾಡಿಗೆಗೆ ಕೊಡುತ್ತಾರೆ, ಆಮೇಲೆ ನಿಮಗೆ ಯಂತ್ರ ತಾಳದು ಎನ್ನುತ್ತಾರೆ.

"ಬ್ಯಾನರಿನ ಕಂಬ ಉದ್ದ ಬೇಕಾ, ಗಿಡ್ಡ ಬೇಕಾ?" ಎಂದ.

ಜನವರಿ 17

ಕೈಯಲ್ಲಿ ಇನ್ನೂ ಪಂಜಿನ ಸೀಮೆಎಣ್ಣೆ ವಾಸನೆ. ಪೂರ್ತಿ ಬರೆಯಬೇಕು.

ಪುರಸಭೆಯ ಮುಂದೆ ಊರಿನ ಅರ್ಧ ಜನ ನಿಂತಿತ್ತು. ಹಾಲ್ಗೈರ್ ಮೆಟ್ಟಿಲ ಮೇಲೆ ಬಂದು, ಒಳಗೆ ಬನ್ನಿ ಸಭೆ ಮಾಡೋಣ ಎಂದ. ನಾನು ಪಂಜು ತಿರುಗಿಸಿದೆ. "ನಾವು ಒಳಗೆ ಬರಲ್ಲ. ನೀವು ಹೊರಗೆ ಬನ್ನಿ. ಸಭೆ ಓಲೌಗ್‌ಳ ಮನೇಲಿ."

ಹಾಗೆ ಮೆರವಣಿಗೆ ಉಲ್ಟಾ ತಿರುಗಿತು. ಪುರಸಭೆಯಿಂದ ಬಡವರ ಸಾಲಿಗೆ. ಹಾಲ್ಗೈರ್ ಮತ್ತು ಸಮಿತಿಯ ನಾಲ್ವರು ದಪ್ಪ ಕೋಟು, ಟೊಪ್ಪಿ, ಮಫ್ಲರ್ ಸಮೇತ ಓಲೌಗ್‌ಳ ಸೋಫಾದಲ್ಲಿ ಒತ್ತರಿಸಿ ಕೂತರು. ಅಲ್ಲಿ ಚಳಿಯಿರುತ್ತದೆಂದು ತಯಾರಾಗಿ ಬಂದಿದ್ದರು.

ಹಾಲ್ಗೈರ್ ಶುರು ಮಾಡಿದ. "ಎಲ್ಡ್ರಿಡ್, ನೀನೇ ಪತ್ರಿಕೆಗೆ ಬರೆದಿದ್ದೀಯ, ಕೆಟ್ಟ ಪಂಪು ಅಂತ."

"ಬರೆದೆ. ಪಂಪಿನ ವಿಷಯದಲ್ಲಿ ತಪ್ಪು ಬರೆದೆ. ನಿನ್ನ ವಿಷಯದಲ್ಲಿ ಸರಿಯಾಗೇ ಬರೆದೆ" ಎಂದು ಎಲ್ಲ ಹೇಳಿದೆ. ನಾನು ಆರಿಸಲು ಹೇಳಿದ್ದು, ನಾವು ಕಟ್ಟಿದ ಮನೆ, ಅವರು ಜೋಡಿಸದ ತಂತಿ, ಯಾರೂ ಹೇಳಿಕೊಡದ ಜಾಲರಿ.

ಅಷ್ಟರಲ್ಲಿ ಗೋಡೆಯ ಪೆಟ್ಟಿಗೆ ಊದುವುದನ್ನು ನಿಲ್ಲಿಸಿತು. ಗೊಳಗೊಳ. ಕಿಟಕಿಯಾಚೆ ಬೆಳ್ಳನೆಯ ಹಬೆ. ಹೊತ್ತು ನೋಡಿಯೇ ಕೂರುತ್ತದೆ ಹಾಳಾದ್ದು.

"ಇದೇ ನಾನು ಹೇಳೋದು" ಎಂದ ಹಾಲ್ಗೈರ್, ಬೆರಳು ತೋರಿಸಿ. "ನಿಂತೇಹೋಯ್ತು."

ಓಲೌಗ್ ಅಡುಗೆಮನೆಯಿಂದ ಸ್ಟಾಪ್‌ವಾಚ್ ತಂದು ಅವನ ಕೈಗೆ ತುರುಕಿದಳು. "ಅದು ಉಚ್ಚೆ ಹೊಯ್ಯೋಕೆ ಹೋಗಿದೆ. ನೀನು ಹೋಗಲ್ವಾ? ಒತ್ತಿ ನೋಡ್ತಾ ಇರು, ಮೊಟ್ಟೆ ಬೇಯೋದ್ರೊಳಗೆ ಬರತ್ತೆ."

ಐದು ಜನ ಅಧಿಕಾರಸ್ಥರು ಉಸಿರು ಬಿಗಿಹಿಡಿದು ಮುಳ್ಳನ್ನು ನೋಡುತ್ತ ಕೂತರು. ಬಾಗಿಲಲ್ಲಿ ನಿಂತಿದ್ದ ತೋರ್ಲೈಫ್ ನನ್ನ ಕಡೆ ನೋಡಿದ. ನಗು ತಡೆಯಲು ನಾನು ಕೈಗವಸು ಕಚ್ಚಿಕೊಂಡೆ. ಪಂಪು ಬಂತು. ಕೊಠಡಿ ತುಂಬ ಬಿಸಿ ಗಾಳಿ. ಮೊದಲು ಟೊಪ್ಪಿಗಳು ಹೋದವು, ಆಮೇಲೆ ಮಫ್ಲರ್, ಆಮೇಲೆ ಕೋಟು. ಹಾಲ್ಗೈರ್‌ನ ಹಣೆಯಲ್ಲಿ ಬೆವರು ಹೊಳೆಯುತ್ತಿತ್ತು.

"ಕಿಟಕಿ ತೆಗೀಲಾ?" ಎಂದಳು ಓಲೌಗ್ ಮರ್ಯಾದೆಯಿಂದ.

ಪಂಪುಗಳು ಉಳಿದವು. ವರ್ಷಕ್ಕೊಮ್ಮೆ ಪುರಸಭೆಯ ಖರ್ಚಿನಲ್ಲೇ ಸರ್ವಿಸ್, ಎಲ್ಲ ಬಾಡಿಗೆ ಮನೆಗಳಿಗೂ. ಸೋಫಾದ ಮೇಲೆ, ಅಂಗಿಯ ತೋಳು ಮಡಿಸಿಕೊಂಡು, ಸಹಿ ಹಾಕಿದರು.

ಜನವರಿ 20

ಸೂರ್ಯ ಬಂದ. ಒಂದು ಗಳಿಗೆ. ಎಲ್ಲರೂ ಬೀದಿಗೆ ಬಂದು ಮುಖವೊಡ್ಡಿ ನಿಂತು, ಜಾಮ್ ತುಂಬಿದ ಬನ್ ತಿಂದೆವು. ತೋರ್ಲೈಫ್‌ನ ಗಡ್ಡಕ್ಕೆ ಜಾಮ್ ಹತ್ತಿತ್ತು, ಒರೆಸಿದೆ.

ಮಾರ್ಚ್ 8

ಹೆಂಗಸರ ಮೆರವಣಿಗೆ. ಬ್ಯಾನರಿನ ಇನ್ನೊಂದು ತುದಿ ತೋರ್ಲೈಫ್ ಹಿಡಿದಿದ್ದ. ಕಂಬ ನನ್ನ ಎತ್ತರಕ್ಕೆ ಸರಿಯಾಗಿದೆ, ಭುಜ ನೋಯಲಿಲ್ಲ. ಕೆಂಪು ಕೈಗವಸು ಅವನಿಗೂ ಒಂದು ಜೊತೆ ಹೆಣೆದದ್ದು ಸುಮ್ಮನೆ, ಉಣ್ಣೆ ಮಿಕ್ಕಿತ್ತು.

ಮೇ 19

ಬಂದಿದ್ದಾಳೆ. ದಡಕ್ಕೆ ಸಾಗಿಸಿದ ಎಂಟು ಪುಟ್ಟ ಮನೆಗಳಲ್ಲಿ ಮೂರನೆಯದರಲ್ಲಿ, ನಾನು ಬಳಿದ ಕೆಂಪಿನೊಳಗೆ, ಕಂದು ಬಣ್ಣದ ಕಡಲಬಾತು. ಓಲೌಗ್ ಕೋಲೂರಿಕೊಂಡು ದಡಕ್ಕೆ ಬಂದು ದೂರದಿಂದಲೇ ನೋಡಿದಳು. ಹೆದರಿಸಬಾರದು, ಪಿಸುಗುಟ್ಟಬೇಕು. ಅವಳು ಪಿಸುಗುಟ್ಟಿದ್ದು ಊರಿಗೆಲ್ಲ ಕೇಳಿತು, ಬಾತು ಮಾತ್ರ ಅಲ್ಲಾಡಲಿಲ್ಲ. ತೋರ್ಲೈಫ್ ಮೂಗು ಒರೆಸಿಕೊಂಡ. ಗಾಳಿಗೆ ಇರಬೇಕು.

ಜೂನ್ 6

ಮೊದಲ ಸರ್ವಿಸ್. ತಾರಣಿ ಏಣಿ, ಕೊಳವೆ, ಸೋಪಿನ ನೀರು ಎಲ್ಲ ಹೊತ್ತು ಬಂದು ಹೊರಪೆಟ್ಟಿಗೆಗಳ ಉಪ್ಪು ತೊಳೆದಳು, ಒಳಪೆಟ್ಟಿಗೆಯ ಫ್ಯಾನ್ ತಿಕ್ಕಿದಳು, ಗ್ಯಾಸ್ ಸೋರುತ್ತಿದೆಯೇ ಎಂದು ಮೂಗು ತೂರಿಸಿ ನೋಡಿದಳು. ಈ ಸಲ ಎರಡು ತಿರುಪು ಕಳೆದಳು.

ನನ್ನ ಮನೆಯಲ್ಲಿ ಜಾಲರಿ ಎಳೆದು ಅತ್ತಿತ್ತ ತಿರುಗಿಸಿದಳು. "ಚಿಕ್ಕಮ್ಮ, ಯಾವಾಗ ತೊಳೆದೆ ಇದನ್ನ?"

"ಬಹಳ ದಿನ ಆಯ್ತು. ಮರ್ತೆ."

"ಮಸಿ ಇಲ್ಲ, ಎಣ್ಣೆ ಇಲ್ಲ. ಒಂದೆಳೆ ಉಣ್ಣೆ ಇಲ್ಲ. ಅಂಗಡಿಯಿಂದ ತಂದ ಹಾಗಿದೆ. ನೀನು ಬದುಕಿದ್ದೀಯ ತಾನೇ?"

ಅಲ್ಲಿಂದ ತೋರ್ಲೈಫ್‌ನ ಮನೆಗೆ ಹೋದೆವು. ಜಾಲರಿ ಎಳೆದವಳು ಏಣಿಯ ಮೇಲೇ ನಿಂತುಬಿಟ್ಟಳು. ಮೋಂಬತ್ತಿ ಮಸಿ, ಮೀನು ಹುರಿದ ಎಣ್ಣೆ, ರಾಶಿ ರಾಶಿ ಕೆಂಪು ಉಣ್ಣೆ.

"ತೋರ್ಲೈಫ್" ಎಂದಳು, "ನೀನು ಯಾವಾಗಿಂದ ಹೆಣೆಯೋದು ಕಲಿತೆ?"

ಅವನು ಕಿಟಕಿಯಾಚೆ ಇಲ್ಲದ ಏನನ್ನೋ ನೋಡಿದ. ಕಿವಿ ಮಾತ್ರ ನಮ್ಮ ಕೂಡುಕೆಲಸದ ಬಣ್ಣಕ್ಕೆ ತಿರುಗಿತ್ತು. ನಾನೇ ಬಿಡಿಸಿ ಹೇಳಿದೆ. ಇಬ್ಬರು ಬೆಚ್ಚಗಿರಲು ಒಂದು ಪಂಪು ಸಾಕಾಗುವಾಗ ಎರಡು ಪಂಪು ಓಡಿಸುವುದು ವಿದ್ಯುತ್ತಿನ ದುಂದು. ಸಾರ್ವಜನಿಕ ಸಂಪತ್ತಿನ ಪ್ರಶ್ನೆ. ಇದರಲ್ಲಿ ಬೇರೇನೂ ಇಲ್ಲ.

ತಾರಣಿ ನಗುತ್ತ ನಗುತ್ತ ಏಣಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಓಲೌಗ್‌ಗೆ ಹೇಳುತ್ತೇನೆ ಎಂದಳು. ಹೇಳಲಿ. ನಗುವಂಥದ್ದೇನು ಹೇಳಿದೆನೋ ನನಗಂತೂ ತಿಳಿಯಲಿಲ್ಲ.

ಜಾಲರಿಗಳನ್ನು ತೊಳೆದು ಬೇಲಿಗೆ ಆನಿಸಿದ್ದೇವೆ, ಬಿಸಿಲಿಗೆ ಒಣಗುತ್ತಿವೆ. ಸೂರ್ಯ ಈಗ ಮುಳುಗುವುದೇ ಇಲ್ಲ, ರಜೆಯ ಬಾಕಿ ತೀರಿಸುತ್ತಿದ್ದಾನೆ. ಇನ್ನೂ ಬರೆಯಬಹುದಿತ್ತು, ಆದರೆ ಮೀನು ಹುರಿದಾಯಿತಂತೆ, ತಟ್ಟೆ ಇಡಲು ತೋರ್ಲೈಫ್‌ಗೆ ಈ ಮೇಜು ಬೇಕಂತೆ.